ಹೆಳವರ ಹೊತ್ತಿಗೆಯಿಂದ ಮೊಬೈಲಿಗೆ: ವಂಶಾವಳಿಯಲ್ಲಿ ಬಿಟ್ಟುಹೋಗುವವರು

ಸುಗ್ಗಿ ಮುಗಿದು ಕಾಳು ಮನೆ ಸೇರಿದ ಮೇಲೆ ನಮ್ಮ ಕಡೆಯ ಊರುಗಳಿಗೆ ಹೆಳವರು ಬರುತ್ತಾರೆ. ಹಿಂದೆ ಎತ್ತಿನ ಮೇಲೆ, ಗಂಟೆ ಬಾರಿಸುತ್ತ ಬರುತ್ತಿದ್ದರು. ಈಗ ಬಸ್ಸು, ಬೈಕು ಹಿಡಿದು ಬರುವವರೂ ಇದ್ದಾರೆ. ಕಟ್ಟೆಯ ಮೇಲೆ ಕುಳಿತು ಹೊತ್ತಿಗೆ ಬಿಚ್ಚಿದರೆಂದರೆ ನಿಮ್ಮ ಮೂಲ ಊರು ಯಾವುದು, ಬೆಡಗು ಯಾವುದು, ಮನೆದೇವರು ಯಾರು, ಅಲ್ಲಿಂದ ಇಲ್ಲಿಗೆ ಬಂದವರು ಯಾರು, ಅವರಿಗೆ ಮಕ್ಕಳೆಷ್ಟು, ಮೊಮ್ಮಕ್ಕಳೆಷ್ಟು ಎಂದು ರಾಗವಾಗಿ ಹೇಳುತ್ತ ಹೋಗುತ್ತಾರೆ. ಹೋದ ಸಲ ಬಂದುಹೋದ ಮೇಲೆ ಹುಟ್ಟಿದವರ ಹೆಸರು ಕೇಳಿ ಬರೆದುಕೊಳ್ಳುತ್ತಾರೆ. ಕಾಳು, ಬಟ್ಟೆ, ರೊಕ್ಕ ಕೊಟ್ಟು ಕಳಿಸುತ್ತೇವೆ.

ಪಡಸಾಲೆಯಲ್ಲಿ ಗಂಡಸರು ಕುಳಿತು ಕೇಳುತ್ತಾರೆ. ಅಡುಗೆಮನೆ ಬಾಗಿಲಿಗೆ ಆತು ನಿಂತ ಅಜ್ಜಿಯೂ ಕೇಳುತ್ತಾಳೆ. ಏಳೆಂಟು ತಲೆಮಾರಿನ ಹೆಸರು ಬರುತ್ತವೆ. ಹೆಚ್ಚಿನ ಮನೆಗಳಲ್ಲಿ ಅವಳ ಹೆಸರು ಬರುವುದಿಲ್ಲ. ಅವಳ ಮಗಳ ಹೆಸರೂ ಬರುವುದಿಲ್ಲ.

ಈಗ ಅದೇ ವಂಶಾವಳಿಯನ್ನು ಮನೆಯ ಹುಡುಗರು ಮೊಬೈಲಿನಲ್ಲಿ ಕಟ್ಟುತ್ತಿದ್ದಾರೆ. ಫ್ಯಾಮಿಲಿಸರ್ಚ್, ವಿಕಿಟ್ರೀ, ಜೆನಿ ಮುಂತಾದ ತಾಣಗಳಲ್ಲಿ ಜಮಖಂಡಿಯಲ್ಲಿರುವ ಅಣ್ಣ, ಪುಣೆಯಲ್ಲಿರುವ ತಮ್ಮ ಇಬ್ಬರೂ ಒಂದೇ ವಂಶವೃಕ್ಷಕ್ಕೆ ಹೆಸರು ಸೇರಿಸಬಹುದು, ತಿದ್ದಬಹುದು. ಒಳ್ಳೆಯ ಕೆಲಸವೇ. ಆದರೆ ಹೆಳವರ ಹೊತ್ತಿಗೆಯ ತಪ್ಪು ಆ ಒಂದು ಹೊತ್ತಿಗೆಯಲ್ಲೇ ಉಳಿಯುತ್ತಿತ್ತು. ಎಲ್ಲರೂ ಸೇರಿ ಬರೆಯುವ ಕಡೆ ಒಬ್ಬರ ತಪ್ಪನ್ನು ಹತ್ತು ಜನ ನಕಲು ಮಾಡುತ್ತಾರೆ. ಅಲ್ಲಿ ಬಿಟ್ಟುಹೋದ ಹೆಸರನ್ನು ಮುಂದಿನವರು ಹುಡುಕುವುದೂ ಇಲ್ಲ. ಹಾಗಾಗಿ ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಹಿಂದಿನವರು ವಂಶಾವಳಿ ಹೇಗೆ ಬರೆದರು, ಎಲ್ಲಿ ಎಡವಿದರು ಎಂಬುದನ್ನು ಒಮ್ಮೆ ನೋಡಿಕೊಂಡು ಮುಂದೆ ಹೋಗುವುದು ಒಳ್ಳೆಯದು.

ಬಳೆಗಾರರ ಮಗ ಬರೆದದ್ದು

ಮುಧೋಳದಲ್ಲಿ ಹುಟ್ಟಿದ ರನ್ನ ಕವಿಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಹುಟ್ಟಿದ್ದು 949ರಲ್ಲಿ, ಬಳೆಗಾರರ ಮನೆಯಲ್ಲಿ. 993ರಲ್ಲಿ ಮುಗಿಸಿದ ‘ಅಜಿತಪುರಾಣ’ದಲ್ಲಿ ಅವನು ತನ್ನ ಮನೆತನದ ವಿವರವನ್ನು ತಾನೇ ಕೊಟ್ಟಿದ್ದಾನೆ. ಜಂಬುಖಂಡಿ ಎಪ್ಪತ್ತು ಎಂಬ ಆಡಳಿತ ಭಾಗದ ಮುದುವೊಳಲು ತನ್ನ ಊರು ಎನ್ನುತ್ತಾನೆ. ಜಂಬುಖಂಡಿ ಎಂದರೆ ಇಂದಿನ ಜಮಖಂಡಿ, ಮುದುವೊಳಲು ಎಂದರೆ ಮುಧೋಳ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಹೆಂಡಂದಿರು ಜಕ್ಕಿ ಮತ್ತು ಶಾಂತಿ. ಮಗ ರಾಯ, ಮಗಳು ಅತ್ತಿಮಬ್ಬೆ. ತನಗೆ ಆಶ್ರಯ ಕೊಟ್ಟ ಚಾವುಂಡರಾಯ ಮತ್ತು ದಾನಚಿಂತಾಮಣಿ ಅತ್ತಿಮಬ್ಬೆಯರ ಹೆಸರನ್ನೇ ಮಕ್ಕಳಿಗೆ ಇಟ್ಟಿದ್ದ.

ಒಂದು ಒಳ್ಳೆಯ ವಂಶಾವಳಿಗೆ ಬೇಕಾದ್ದೆಲ್ಲ ಇಲ್ಲಿದೆ. ಊರು ಇದೆ, ಊರು ಯಾವ ಭಾಗಕ್ಕೆ ಸೇರಿತ್ತು ಎಂಬುದಿದೆ, ಕಾಲ ಇದೆ. ಬರೆದವನು ಯಾರು ಎಂಬುದೂ ಗೊತ್ತು. ಮುಖ್ಯವಾಗಿ ತಾಯಿ, ಹೆಂಡತಿಯರು, ಮಗಳು ಎಲ್ಲರೂ ಹೆಸರು ಹಿಡಿದು ಇದ್ದಾರೆ. ಸಾವಿರ ವರ್ಷದ ಹಿಂದಿನ ಒಬ್ಬ ಬಳೆಗಾರ ಹೆಣ್ಣುಮಗಳ ಹೆಸರು ನಮಗೆ ಗೊತ್ತಿದೆ. ನಮ್ಮ ಮುತ್ತಜ್ಜನ ತಾಯಿಯ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಅರಮನೆಯ ಕಾಗದಗಳು

ಇದೇ ಮುಧೋಳದಲ್ಲಿ ಇನ್ನೊಂದು ಹೆಸರಾದ ವಂಶಾವಳಿ ಇದೆ. ಅದು ಸಂಸ್ಥಾನದ ಘೋರ್ಪಡೆ ಮನೆತನದ್ದು. ಮೇವಾಡದ ಸಿಸೋದಿಯಾ ರಜಪೂತರಿಂದ ತಮ್ಮ ವಂಶ ಬಂತು, ದಕ್ಷಿಣಕ್ಕೆ ಬಂದ ಪೂರ್ವಜರು ಬಹಮನಿ ಸುಲ್ತಾನರ ಸೇವೆಗೆ ಸೇರಿದರು ಎಂದು ಆ ಮನೆತನದ ಇತಿಹಾಸ ಹೇಳುತ್ತದೆ. ಉಡಕ್ಕೆ ಹಗ್ಗ ಕಟ್ಟಿ ಖೇಳಣಾ ಕೋಟೆ ಹತ್ತಿದ್ದಕ್ಕೆ ಘೋರ್ಪಡೆ ಎಂಬ ಬಿರುದು ಬಂತು ಎಂಬುದೂ ಅದೇ ಇತಿಹಾಸದ ಕಥೆ. ಮರಾಠಿಯಲ್ಲಿ ಘೋರಪಡ ಎಂದರೆ ಉಡ. ಶಿವಾಜಿ ಮಹಾರಾಜರ ಭೋಸಲೆ ಮನೆತನ ಮತ್ತು ತಮ್ಮದು ಒಂದೇ ಮೂಲದ ಎರಡು ಕವಲು ಎಂಬುದು ಈ ವಂಶಾವಳಿಯ ದೊಡ್ಡ ಮಾತು.

ಇದಕ್ಕೆ ಆಧಾರವಾಗಿ ತೋರಿಸುವುದು ಮುಧೋಳದಲ್ಲಿದ್ದ ಪಾರ್ಸಿ ಫರ್ಮಾನುಗಳನ್ನು. 1934ರಲ್ಲಿ ದ.ವಿ. ಆಪ್ಟೆ ಅವರು ಮರಾಠಿಯಲ್ಲಿ ಮುಧೋಳ ಘೋರ್ಪಡೆ ಮನೆತನದ ಇತಿಹಾಸ ಪ್ರಕಟಿಸಿದಾಗ ಅವು ಎಲ್ಲರ ಕೈಗೆ ಬಂದವು. ಅಂದಿನಿಂದಲೂ ಇತಿಹಾಸಕಾರರಲ್ಲಿ ಚರ್ಚೆ ನಡೆದಿದೆ. ಕೆಲವರು ಒಪ್ಪುತ್ತಾರೆ. ಇನ್ನು ಕೆಲವರು ಹಳೆಯ ಫರ್ಮಾನುಗಳು ಆ ಕಾಲದವೇ ಹೌದೇ ಎಂದು ಕೇಳುತ್ತಾರೆ.

ಯಾರ ಮಾತು ಸರಿ ಎಂದು ತೀರ್ಮಾನಿಸುವುದು ಈ ಬರಹದ ಕೆಲಸವಲ್ಲ. ನಮಗೆ ಬೇಕಾದದ್ದು ಬೇರೆ. ಅರಮನೆಯ ವಂಶಾವಳಿಯನ್ನೂ ‘ಕಾಗದ ತೋರಿಸಿ, ಅದು ಯಾವಾಗಿನದು, ಬರೆದವರಾರು’ ಎಂದು ಕೇಳಬಹುದು. ಹಾಗೆ ಕೇಳಿದರೆ ಮನೆತನಕ್ಕೆ ಅವಮಾನವಲ್ಲ. ಇದೇ ಮನೆತನದ ಇತಿಹಾಸದಲ್ಲಿ ಗಟ್ಟಿ ಆಧಾರವಿರುವ ಘಟನೆಗಳೂ ಇವೆ. 1648ರಲ್ಲಿ ಶಹಾಜಿ ಭೋಸಲೆಯವರನ್ನು ಸೆರೆ ಹಿಡಿದವರಲ್ಲಿ ಮುಧೋಳದ ಬಾಜಿ ಘೋರ್ಪಡೆ ಇದ್ದರು. ಮುಂದೆ 1664ರಲ್ಲಿ ಶಿವಾಜಿಯವರ ದಾಳಿಯಲ್ಲಿ ಅವರು ಸತ್ತರು. ಒಂದೇ ವಂಶಾವಳಿಯಲ್ಲಿ ಗಟ್ಟಿ ಕೊಂಡಿಯೂ ಇರುತ್ತದೆ, ಸಡಿಲ ಕೊಂಡಿಯೂ ಇರುತ್ತದೆ. ಯಾವುದು ಯಾವುದೆಂದು ಗುರುತು ಹಾಕಿಡಬೇಕು.

ನಮ್ಮ ಮನೆಗಳಲ್ಲೂ ಹೀಗೇ. ಅಜ್ಜ, ಮುತ್ತಜ್ಜನವರೆಗೆ ಕಾಗದ ಸಿಗುತ್ತದೆ. ಅದರಾಚೆ ‘ನಾವು ಅಲ್ಲಿಂದ ಬಂದವರು, ಇಂಥ ದೊರೆಯ ದಂಡಿನಲ್ಲಿದ್ದವರು’ ಎಂಬ ಮಾತು ಬರುತ್ತದೆ. ಆ ಮಾತನ್ನು ಬಿಡಬೇಡಿ. ಆದರೆ ಅದನ್ನು ‘ಹಿರಿಯರು ಹೇಳಿದ್ದು’ ಎಂದು ಬರೆಯಿರಿ.

ಹತ್ತಿರದ ಊರು, ಬೇರೆ ಬೇರೆ ಸರ್ಕಾರ

ಕಾಗದ ಹುಡುಕಲು ಹೊರಟವರಿಗೆ ನಮ್ಮ ಭಾಗದಲ್ಲಿ ಒಂದು ತೊಡಕಿದೆ. ರಬಕವಿ ಮತ್ತು ಬನಹಟ್ಟಿಗೆ ಇಂದು ಒಂದೇ ನಗರಸಭೆ. ನಡುವೆ ಒಂದು ಹರದಾರಿಯೂ ಇಲ್ಲ. ಆದರೆ ಸ್ವಾತಂತ್ರ್ಯದವರೆಗೆ ರಬಕವಿ ಇದ್ದದ್ದು ಸಾಂಗಲಿ ಸಂಸ್ಥಾನದಲ್ಲಿ, ಬನಹಟ್ಟಿ ಇದ್ದದ್ದು ಜಮಖಂಡಿ ಸಂಸ್ಥಾನದಲ್ಲಿ. ಎರಡನ್ನೂ ಆಳಿದವರು ಪಟವರ್ಧನರೇ, ಆದರೆ ಬೇರೆ ಬೇರೆ ಕವಲಿನವರು. ಮುಧೋಳದಲ್ಲಿ ಘೋರ್ಪಡೆಯವರ ಆಳ್ವಿಕೆ. ಬೀಳಗಿ ಮಾತ್ರ ನೇರವಾಗಿ ಬ್ರಿಟಿಷರ ಕೈಯಲ್ಲಿ, ಮುಂಬಯಿ ಪ್ರಾಂತ್ಯದಲ್ಲಿತ್ತು. ಆ ಜಿಲ್ಲೆಗೆ ಮೊದಲು ಕಲಾದಗಿ ಜಿಲ್ಲೆ ಎಂಬ ಹೆಸರಿತ್ತು, 1885ರಲ್ಲಿ ಅದು ವಿಜಾಪುರ ಜಿಲ್ಲೆಯಾಯಿತು.

1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದವು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂದೆವು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಅಂದರೆ ಮನೆ ಬಿಟ್ಟು ಕದಲದ ಒಬ್ಬ ನೇಕಾರನ ವಿಳಾಸವೂ ನೂರು ವರ್ಷದಲ್ಲಿ ನಾಲ್ಕೈದು ಸಲ ಬದಲಾಗಿದೆ. ಮುತ್ತಜ್ಜ 1900ರ ಸುಮಾರಿಗೆ ‘ಬಾಗಲಕೋಟೆ ಜಿಲ್ಲೆ, ಕರ್ನಾಟಕ’ದಲ್ಲಿ ಹುಟ್ಟಿದ ಎಂದು ಬರೆದರೆ ಮುಂದಿನವರು ಹಳೆಯ ಕಾಗದವನ್ನು ಸರಿಯಾದ ಕಡೆ ಹುಡುಕುವುದಿಲ್ಲ. ‘ರಬಕವಿ, ಸಾಂಗಲಿ ಸಂಸ್ಥಾನ’ ಎಂದು ಬರೆದರೆ ಎಲ್ಲಿ ಕೇಳಬೇಕೆಂಬ ದಾರಿ ತಾನಾಗಿ ತೆರೆಯುತ್ತದೆ. ಆ ಕಾಲದ ಕಾಗದ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ಇರಬಹುದು. ಓದಲು ಬಾರದಿದ್ದರೂ ಚೆನ್ನಾಗಿ ಫೋಟೊ ತೆಗೆದಿಡಿ. ಓದಬಲ್ಲವರು ಇನ್ನೂ ಇದ್ದಾರೆ.

ಉತಾರ, ವಾಟ್ನಿ ಮತ್ತು ಜೂನ್ 1

ಅರಮನೆಗೆ ಫರ್ಮಾನು ಇದ್ದಂತೆ ಒಕ್ಕಲು ಮನೆಗೆ ಹೊಲದ ಉತಾರ ಇದೆ. ಮುಂಬಯಿ ಪ್ರಾಂತ್ಯದಲ್ಲಿ 1903ರ ಕಾಯ್ದೆಯಿಂದ ಹಕ್ಕು ದಾಖಲೆ ಬರೆಯುವುದು ಶುರುವಾಯಿತು. ಯಾರು ಸತ್ತರು, ವಾರಸಾ ಯಾರ ಹೆಸರಿಗೆ ಆಯಿತು, ಅಣ್ಣತಮ್ಮಂದಿರ ವಾಟ್ನಿ ಯಾವಾಗ ಆಯಿತು ಎಂಬುದು ಹಕ್ಕು ಬದಲಾವಣೆಯ ನೋಂದಣಿಗಳಲ್ಲಿ ಸಿಗುತ್ತದೆ. ದತ್ತಕ ತೆಗೆದುಕೊಂಡಿದ್ದರೆ ಅದೂ ಕೆಲವೊಮ್ಮೆ ಅಲ್ಲಿಯೇ ತಿಳಿಯುತ್ತದೆ. ಹೊಲ ಇಲ್ಲದವರಿಗೆ ಶಾಲೆಯ ದಾಖಲಾತಿ ಪುಸ್ತಕ, ಮನೆಯ ಉತಾರ, ಜನನ ಮರಣ ನೋಂದಣಿ ಇವೆ.

ಆದರೆ ಕಾಗದವೂ ತಪ್ಪಬಹುದು. ನಮ್ಮ ಹಿರಿಯರಲ್ಲಿ ಎಷ್ಟೋ ಜನರ ಹುಟ್ಟಿದ ದಿನ ಜೂನ್ 1. ಅವರೆಲ್ಲ ಆ ದಿನವೇ ಹುಟ್ಟಿದವರಲ್ಲ. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ವಯಸ್ಸು ಅಂದಾಜಿಸಿ ಬರೆದ ದಿನ ಅದು. ‘ದೊಡ್ಡ ಬರ ಬಿದ್ದ ಮರುವರ್ಷ ಹುಟ್ಟಿದೆ’ ಎಂದು ಅಜ್ಜಿ ಹೇಳಿದರೆ ಅದನ್ನೂ ಪಕ್ಕಕ್ಕೆ ಬರೆದುಕೊಳ್ಳಿ. ಎರಡರಲ್ಲಿ ಅಜ್ಜಿಯ ಮಾತೇ ನಿಜಕ್ಕೆ ಹತ್ತಿರ ಇರಬಹುದು.

ಇನ್ನೊಂದು ತಪ್ಪು ಹೆಸರಿನದು. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮ ಪದ್ಧತಿ. ಬಸಪ್ಪನ ಮಗ ಮಲ್ಲಪ್ಪ, ಮಲ್ಲಪ್ಪನ ಮಗ ಬಸಪ್ಪ. ಮೊಬೈಲಿನಲ್ಲಿ ಈ ಇಬ್ಬರು ಬಸಪ್ಪಂದಿರನ್ನು ಒಬ್ಬನೇ ಎಂದು ಕೂಡಿಸಿಬಿಟ್ಟರೆ ಒಂದು ತಲೆಮಾರೇ ಮಾಯವಾಗುತ್ತದೆ. ಅಡ್ಡಹೆಸರೂ ಅಷ್ಟೇ. ಒಬ್ಬ ಮಗ ಊರಿನ ಹೆಸರು, ಇನ್ನೊಬ್ಬ ಕಸುಬಿನ ಹೆಸರು ಹಚ್ಚಿಕೊಂಡಿರುತ್ತಾನೆ. ಇಚಲಕರಂಜಿ, ಸೊಲ್ಲಾಪುರಕ್ಕೆ ಮಗ್ಗದ ಕೆಲಸಕ್ಕೆ ಹೋದ ಕವಲು ಮರಾಠಿ ರೀತಿಯಲ್ಲಿ ಬರೆದುಕೊಂಡಿರುತ್ತದೆ. ಹೆಸರು ಒಂದೇ ಎಂದು ಕೂಡಿಸಬೇಡಿ, ಬೇರೆ ಎಂದು ಬಿಡಲೂ ಬೇಡಿ. ತಂದೆ, ತಾಯಿ, ಊರು ಮೂರೂ ಹೊಂದುತ್ತವೆಯೇ ನೋಡಿ.

ಬಿಟ್ಟುಹೋದ ಹೆಸರುಗಳು

ಹೆಳವರ ಹೊತ್ತಿಗೆ ಗಂಡಿನ ಸಾಲು ಹಿಡಿದು ಹೋಗುತ್ತದೆ. ಹಳೆಯ ಉತಾರವೂ ಹೆಚ್ಚಾಗಿ ಹಾಗೆಯೇ. ಕೆಲವು ವರ್ಷಕ್ಕೊಮ್ಮೆ ಬರುವ ಹೆಳವರಿಗೆ ನಡುವೆ ಹುಟ್ಟಿ ತೀರಿಕೊಂಡ ಕೂಸುಗಳ ಹೆಸರನ್ನು ಮನೆಯವರು ಹೇಳುವುದೂ ಕಡಿಮೆ. ಇದು ಹೆಳವರ ತಪ್ಪಲ್ಲ. ಮನೆಯವರು ಹೇಳಿದ್ದನ್ನು ಅವರು ಬರೆದಿದ್ದಾರೆ.

ಈಗ ಈ ಬಿಟ್ಟುಹೋಗುವಿಕೆಗೆ ಬೆಲೆ ತೆರಬೇಕಾಗುತ್ತದೆ. ಕರ್ನಾಟಕದಲ್ಲಿ 1994ರ ತಿದ್ದುಪಡಿ, ದೇಶಕ್ಕೆಲ್ಲ 2005ರ ತಿದ್ದುಪಡಿ ಹಿಂದೂ ಕೂಡುಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಕೊಟ್ಟವು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ವಾರಸಾಕ್ಕೆ ವಂಶವೃಕ್ಷ ಕೊಡುವಾಗ ಅಕ್ಕತಂಗಿಯರ ಹೆಸರು ಬಿಟ್ಟರೆ ಮುಂದೊಂದು ದಿನ ಅದೇ ಕಾಗದ ಕೋರ್ಟಿನಲ್ಲಿ ಬಿಚ್ಚಿಕೊಳ್ಳುತ್ತದೆ. ಮೊಬೈಲಿನ ವಂಶಾವಳಿ ಕೋರ್ಟಿನ ದಾಖಲೆ ಅಲ್ಲ. ಆದರೆ ಮನೆಯಲ್ಲಿ ಯಾರನ್ನು ಲೆಕ್ಕಕ್ಕೆ ಹಿಡಿಯುತ್ತೇವೆ ಎಂಬ ಅಭ್ಯಾಸ ಅಲ್ಲಿಯೂ ಕಾಣುತ್ತದೆ.

ನಮ್ಮ ಭಾಗದಲ್ಲಿ ತಾಯಿಯಿಂದಲೇ ಮುಂದುವರಿದ ಮನೆಗಳೂ ಇವೆ. ಗಂಡು ಸಂತಾನವಿಲ್ಲದ ಮನೆಯಲ್ಲಿ ಮಗಳನ್ನು ಬಸವಿ ಬಿಟ್ಟು, ಮಗನಂತೆ ಅವಳಿಗೆ ಆಸ್ತಿ ಕೊಡುವ ಪದ್ಧತಿ ಇತ್ತು. ದೇವದಾಸಿ ಬಿಡುವುದನ್ನು 1982ರ ಕಾಯ್ದೆ ನಿಷೇಧಿಸಿತು. ಅಂಥ ತಾಯಂದಿರ ಮಕ್ಕಳು, ಮೊಮ್ಮಕ್ಕಳು ನಮ್ಮ ನಡುವೆಯೇ ಇದ್ದಾರೆ. ತಂದೆಯ ಹೆಸರಿನ ಜಾಗ ಖಾಲಿ ಇದ್ದರೆ ಖಾಲಿಯೇ ಇರಲಿ, ಅಲ್ಲಿ ಸುಳ್ಳು ಹೆಸರು ತುಂಬಬೇಡಿ. ತಾಯಿಯ ಹೆಸರಿನಿಂದ ವಂಶಾವಳಿ ಚೆನ್ನಾಗಿಯೇ ಮುಂದುವರಿಯುತ್ತದೆ. ಇಂಥ ಮಾತನ್ನು ಮನೆಯವರ ಒಪ್ಪಿಗೆ ಇಲ್ಲದೆ ನಾಲ್ಕು ಜನ ಓದುವ ಕಡೆ ಹಾಕಲೂ ಬೇಡಿ.

ಮೊಬೈಲಿನಲ್ಲಿ ಬರೆಯುವಾಗ

ಮೊದಲು ನಿಮ್ಮ ಮನೆತನದ ಹೆಳವರು ಯಾರೆಂದು ಕೇಳಿ. ಯಾವ ಮನೆ ಯಾವ ಹೆಳವರ ಪಾಲಿನದು ಎಂಬುದು ಅವರಲ್ಲಿ ವಂಶಪರಂಪರೆಯಾಗಿ ಬಂದಿರುತ್ತದೆ. ಅವರು ಒಪ್ಪಿದರೆ ನಿಮ್ಮ ಮನೆಯ ಪುಟಗಳ ಫೋಟೊ ತೆಗೆಯಿರಿ, ಓದುವುದನ್ನು ರೆಕಾರ್ಡ್ ಮಾಡಿ, ಕೊಡಬೇಕಾದ್ದನ್ನು ಕೊಡಿ. ಹೊತ್ತಿಗೆ ಅವರ ಬದುಕು.

ಪ್ರತಿ ಹೆಸರಿನ ಪಕ್ಕದಲ್ಲಿ ಎಲ್ಲಿಂದ ತಿಳಿಯಿತು ಎಂದು ಬರೆಯಿರಿ. ‘ಹೆಳವರ ಹೊತ್ತಿಗೆ’, ‘ಉತಾರ’, ‘ಸೋದರತ್ತೆ ಹೇಳಿದ್ದು’ ಅಂದರೂ ಸಾಕು. ಬೇರೆಯವರು ಬರೆದದ್ದು ತಪ್ಪೆನಿಸಿದರೆ ಅಳಿಸುವ ಮೊದಲು ಫೋನ್ ಮಾಡಿ ಕೇಳಿ. ತಿದ್ದಿದರೆ ಏಕೆ ತಿದ್ದಿದಿರಿ ಎಂದು ಒಂದು ಸಾಲು ಬರೆಯಿರಿ. ಬದುಕಿರುವವರ ಹುಟ್ಟಿದ ದಿನ, ಫೋನ್ ನಂಬರು ಎಲ್ಲರಿಗೆ ಕಾಣುವಂತೆ ಹಾಕಬೇಡಿ. ಅಕ್ಕನ ಮಗಳನ್ನು ಮದುವೆಯಾಗುವ ನಮ್ಮ ಮನೆಗಳಲ್ಲಿ ಒಬ್ಬಳೇ ಹೆಣ್ಣುಮಗಳು ಮೊಮ್ಮಗಳೂ ಆಗಿರುತ್ತಾಳೆ, ಸೊಸೆಯೂ ಆಗಿರುತ್ತಾಳೆ. ಅವಳನ್ನು ಎರಡು ಸಲ ಬರೆಯದೆ ಒಂದೇ ಹೆಸರಿಗೆ ಎರಡೂ ಕಡೆಯಿಂದ ಗೆರೆ ಎಳೆಯಿರಿ.

ವರ್ಷಕ್ಕೊಮ್ಮೆ, ಜಾತ್ರೆಗೋ ಹಬ್ಬಕ್ಕೋ ಎಲ್ಲರೂ ಕೂಡಿದಾಗ ವಂಶಾವಳಿ ಓದಿ ತಿದ್ದಿಕೊಳ್ಳಿ. ಮುಂದಿನ ಸಲ ಹೆಳವರು ಬಂದಾಗ ಅಜ್ಜಿಯನ್ನು ಬಾಗಿಲಿನಿಂದ ಕರೆದು ಪಡಸಾಲೆಯಲ್ಲಿ ಕೂರಿಸಿ. ಅವರು ಹೊತ್ತಿಗೆ ಮುಚ್ಚುವ ಮೊದಲು, ‘ಆಯಿ, ನಿಮ್ಮವ್ವನ ಹೆಸರೇನಿತ್ತು? ಆಕಿ ತವರಮನಿ ಯಾವೂರು?’ ಎಂದು ಕೇಳಿ. ಆಕೆ ಹೇಳಿದ್ದನ್ನು ಹೊತ್ತಿಗೆಯಲ್ಲೂ ಬರೆಸಿ, ಮೊಬೈಲಿನಲ್ಲೂ ಬರೆಯಿರಿ.