ವ್ಯವಹಾರ ಪ್ರಕರಣಗಳೂ ಬೋಧನಾಧಿಕಾರವೂ: ಡೆಂಕಣಿಕೋಟೆ ಸೀಮೆಯ ದೃಷ್ಟಿಯಿಂದ

ಟಾಟಾ ಸಮೂಹವೂ ತಮಿಳುನಾಡಿನ ಕೈಗಾರಿಕಾಭಿವೃದ್ಧಿ ನಿಗಮವೂ ಜೊತೆಗೂಡಿ 1984ರಲ್ಲಿ ಸ್ಥಾಪಿಸಿದ ಟೈಟನ್ ಕಂಪನಿಯು ಹೊಸೂರಿನಲ್ಲಿ ಕ್ವಾರ್ಟ್ಜ್ ಕೈಗಡಿಯಾರಗಳನ್ನು ತಯಾರಿಸಿ ಎಚ್.ಎಂ.ಟಿ.ಯ ಪ್ರಾಬಲ್ಯವನ್ನು ಎದುರಿಸಿದ ವೃತ್ತಾಂತವು ನಿರ್ವಹಣಾಶಾಲೆಗಳಲ್ಲಿ ಪಾಠವಾಗಿರುವುದಾದರೂ, ಆ ಕಾರ್ಖಾನೆಗೆ ನೆರೆಯದಾದ ಡೆಂಕಣಿಕೋಟೆಯ ಕನ್ನಡ ವಿದ್ಯಾರ್ಥಿಗೆ ಅದು ಇಂಗ್ಲಿಷಿನಲ್ಲಿ, ಶುಲ್ಕಪೂರ್ವಕವಾಗಿ ದೊರೆಯತಕ್ಕ ವಸ್ತುವಾಗಿರುವುದು ವಿಚಾರಾರ್ಹವಾದ ಸಂಗತಿ.

ಇಂಥ ವ್ಯವಹಾರ ವೃತ್ತಾಂತಗಳನ್ನು ಪ್ರಕರಣಗಳಾಗಿ ಬರೆದು, ತರಗತಿಯಲ್ಲಿ ಚರ್ಚಿಸಿ ಕಲಿಸುವ ಬೋಧನಕ್ರಮವು ಹಾರ್ವರ್ಡಿನಲ್ಲಿ 1920ರ ದಶಕದಲ್ಲಿ ಬೇರೂರಿ, 1961ರಲ್ಲಿ ಪ್ರಾರಂಭವಾದ ಅಹಮದಾಬಾದಿನ ನಿರ್ವಹಣಾ ಸಂಸ್ಥೆಯ ಮೂಲಕ ನಮ್ಮಲ್ಲಿ ಪ್ರಸಿದ್ಧಿ ಪಡೆಯಿತು. ಇಂದು ಹಾರ್ವರ್ಡಿನ ಪ್ರಕಾಶನ ವಿಭಾಗವಾಗಲಿ ಇಂಗ್ಲೆಂಡಿನ ಕೇಸ್ ಸೆಂಟರ್ ಆಗಲಿ ಅಧ್ಯಾಪಕನೆಂದು ನೋಂದಾಯಿಸಿಕೊಂಡವನಿಗೆ ಪರಿಶೀಲನಾಪ್ರತಿಯನ್ನು ಕೊಡುತ್ತವೆ. ತರಗತಿಯಲ್ಲಿ ಹಂಚಬೇಕಾದರೆ ತಲೆಗೊಂದು ಪ್ರತಿಯಂತೆ ಶುಲ್ಕ ತೆರಬೇಕು.

ನಮ್ಮ ಶಾಸನವು ಈ ವಿಷಯದಲ್ಲಿ ಉದಾರವಾದುದು. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು, ಬೋಧನೆಯ ಪ್ರಸಂಗದಲ್ಲಿ ಗುರುವಾಗಲಿ ಶಿಷ್ಯನಾಗಲಿ ಮಾಡುವ ಪ್ರತಿಯನ್ನು ಕೃತಿಸ್ವಾಮ್ಯದ ಉಲ್ಲಂಘನೆಯೆಂದು ಗಣಿಸುವುದಿಲ್ಲ. ದೆಹಲಿ ವಿಶ್ವವಿದ್ಯಾನಿಲಯದ ಆವರಣದ ಛಾಯಾಪ್ರತಿ ಅಂಗಡಿಯೊಂದರ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ಪ್ರಕಾಶಕರು 2012ರಲ್ಲಿ ಹೂಡಿದ ವ್ಯಾಜ್ಯದಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು, 2016ರ ಡಿಸೆಂಬರ್ 9ರಂದು, ಪುಟಗಳ ಎಣಿಕೆಯನ್ನಲ್ಲದೆ ಬೋಧನೆಯ ಅಗತ್ಯವನ್ನೇ ಅಳತೆಗೋಲಾಗಿ ಹಿಡಿಯಿತು. ಆದರೆ ಆ ತೀರ್ಪು ಮುದ್ರಿತ ಗ್ರಂಥಗಳ ಛಾಯಾಪ್ರತಿಗಳಿಗೆ ಸಂಬಂಧಿಸಿದ್ದು. ಒಪ್ಪಂದದ ನಿಬಂಧನೆಗಳಿಗೆ ಸಮ್ಮತಿಸಿ ಪಡೆದ ವಿದ್ಯುನ್ಮಾನ ಪ್ರತಿಯನ್ನು ಅದರ ಬಲದಿಂದ ಯಥೇಚ್ಛವಾಗಿ ಹಂಚಬಹುದೆಂದು ಅಧ್ಯಾಪಕನು ಭಾವಿಸುವುದು ನಿರಪಾಯವಲ್ಲ. ಅಂಥ ಪ್ರತಿಯ ಶುಲ್ಕವನ್ನು ಬಡ ವಿದ್ಯಾರ್ಥಿಯ ಮೇಲೆ ಹೊರಿಸದೆ ಕಾಲೇಜಿನ ಗ್ರಂಥಾಲಯದ ಆಯವ್ಯಯದಲ್ಲಿಯೇ ಸೇರಿಸುವುದು ನ್ಯಾಯ.

ಇದಕ್ಕಿಂತ ಮುಖ್ಯವಾದ ಮಾತೊಂದುಂಟು. ಕೃತಿಸ್ವಾಮ್ಯವು ಲೇಖಕನ ನಿರೂಪಣೆಗೆ ಸಲ್ಲುವುದೇ ಹೊರತು ಘಟನೆಗಳಿಗಲ್ಲವೆಂಬುದನ್ನು ಸರ್ವೋಚ್ಚ ನ್ಯಾಯಾಲಯವು ಆರ್.ಜಿ. ಆನಂದ್ ಮೊಕದ್ದಮೆಯಲ್ಲಿ 1978ರಷ್ಟು ಹಿಂದೆಯೇ ಸ್ಪಷ್ಟಪಡಿಸಿದೆ. ಟೈಟನ್ನಿನ ಪ್ರಕಟಿತ ವಾರ್ಷಿಕ ವರದಿಗಳನ್ನು ಓದಿ ನಮ್ಮ ಅಧ್ಯಾಪಕನು ತನ್ನ ಮಾತಿನಲ್ಲಿ ಪ್ರಕರಣವೊಂದನ್ನು ರಚಿಸಲು ಯಾರ ಅಪ್ಪಣೆಯೂ ಬೇಡ; ಕಂಪನಿಯ ಒಳಗಿನ ದಾಖಲೆಗಳನ್ನು ಬಳಸುವುದಾದರೆ ಮಾತ್ರ ಅದರ ಲಿಖಿತ ಸಮ್ಮತಿ ಅವಶ್ಯ. ತಳಿ ಎಂಬ ಊರಿನ ಸುತ್ತಣ ಗುಲಾಬಿ ಬೆಳೆಗಾರರ ಮಾರುಕಟ್ಟೆ, ಕೃಷ್ಣಗಿರಿಯ ಮಾವಿನ ತಿರುಳಿನ ಕಾರ್ಖಾನೆಗಳು, ಇವೆಲ್ಲವೂ ಬರೆಯುವವರಿಗಾಗಿ ಕಾದಿವೆ. ಈ ಸೀಮೆಯ ಕಾಲೇಜುಗಳ ವಾಣಿಜ್ಯಾಧ್ಯಾಪಕರು ವರ್ಷಕ್ಕೊಂದಾದರೂ ಪ್ರಕರಣವನ್ನು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ರಚಿಸಿ, ಯಾರು ಬೇಕಾದರೂ ಪಾಠಕ್ಕೆ ಬಳಸಬಹುದೆಂಬ ಮುಕ್ತ ಪರವಾನಗಿಯೊಡನೆ ಪ್ರಕಟಿಸಬೇಕೆಂದು ಪ್ರಾರ್ಥಿಸುತ್ತೇನೆ.