ಒಂದೇ ಬಳ್ಳಿ, ಹಲವು ನೆಲ

ದ್ರಾಕ್ಷಿಯ ಚರಿತ್ರೆಯು ನೆಲದ ಗುಣವನ್ನೂ ಜನರ ನಿರ್ಧಾರವನ್ನೂ ನಮಗೆ ಒಟ್ಟಾಗಿ ತೋರಿಸುತ್ತದೆ. ಪಶ್ಚಿಮ ಏಷ್ಯದ ಬೀಜರಹಿತ ಬಿಳಿದ್ರಾಕ್ಷಿಯೊಂದು ತುರ್ಕಿಯಲ್ಲಿ 'ಸುಲ್ತಾನ'ವೆನಿಸಿತು. 1872ರಲ್ಲಿ ವಿಲಿಯಂ ಥಾಮ್ಸನ್ ಎಂಬಾತನು ಅದನ್ನು ಕ್ಯಾಲಿಫೋರ್ನಿಯಕ್ಕೆ ತರಿಸಿದನು. ಅಲ್ಲಿ ಅದು ಅವನ ಹೆಸರನ್ನೇ ಪಡೆದು, ಬಿಸಿಲಿನಲ್ಲಿ ಒಣಗಿ ಕಂದುಬಣ್ಣದ ಒಣದ್ರಾಕ್ಷಿಯಾಯಿತು, ಅಗ್ಗದ ಬಿಳಿ ಮದ್ಯಕ್ಕೂ ಒದಗಿತು. ನಮ್ಮ ವಿಜಯಪುರದ ಒಣಹವೆಯಲ್ಲಿ ಅದೇ ಹಣ್ಣನ್ನು ನೆರಳಿನಲ್ಲಿ ಒಣಗಿಸುವುದರಿಂದ ಹಸುರು ಮಿಶ್ರಿತ ಹೊಂಬಣ್ಣವು ಉಳಿಯುತ್ತದೆ.

ಹಣ್ಣಿನ ಗತಿಯನ್ನು ಶಾಸನವೂ ತಿರುಗಿಸಬಲ್ಲದು. ನಮ್ಮ ತೊರಪಲ್ಲಿ ಅಗ್ರಹಾರದಲ್ಲಿ 1878ರಲ್ಲಿ ಜನಿಸಿದ ರಾಜಾಜಿಯವರು, 1937ರಲ್ಲಿ ಮದರಾಸು ಸರಕಾರದ ಮುಖ್ಯಸ್ಥರಾಗಿ, ಹೊಸೂರನ್ನೂ ಆಗ ಒಳಗೊಂಡಿದ್ದ ಸೇಲಂ ಜಿಲ್ಲೆಯಲ್ಲಿಯೇ ಪಾನನಿಷೇಧವನ್ನು ಮೊದಲು ಜಾರಿಗೆ ತಂದರು. ಹಣ್ಣಿಗೆ ರುಚಿಯನ್ನು ಕೊಡುವುದು ನೆಲ. ಅದು ಆಹಾರವೋ ಮದಿರೆಯೋ ಎಂಬುದನ್ನು ನಿಶ್ಚಯಿಸುವವರು ನಾವು.