ಹಾಲಿನ ಗುಟ್ಟು ಹೇಳುವ ಹಳದಿ

ಯಲಹಂಕದ ಮದರ್ ಡೇರಿಯಿಂದ ಹೊರಡುವ ಪ್ಯಾಕೆಟ್ ಹಾಲು ಸಾಕಷ್ಟು ಕಾದಿದೆಯೇ ಎಂಬುದನ್ನು ರುಚಿ, ಬಣ್ಣ ನೋಡಿ ಹೇಳಲಾಗದು. ಅದಕ್ಕೇ ಪಾಶ್ಚರೀಕರಿಸಿದ ಹಾಲಿನ ಪರೀಕ್ಷೆಯಲ್ಲಿ ಫಾಸ್ಫಟೇಸ್ ಕಿಣ್ವದ ಸುಳಿವು ಕಾಣಬಾರದೆಂಬ ನಿಯಮ ದೇಶದಲ್ಲಿದೆ.

ಹಸಿ ಹಾಲಿನಲ್ಲಿ ಸಹಜವಾಗಿಯೇ ಇರುವ ಈ ಕಿಣ್ವ ಫಾಸ್ಫೇಟ್ ಎಸ್ಟರುಗಳನ್ನು, ಅಂದರೆ ಫಾಸ್ಫೇಟ್ ಬೆಸೆದುಕೊಂಡ ಸಂಯುಕ್ತಗಳನ್ನು, ನೀರಿನ ನೆರವಿನಿಂದ ಒಡೆಯುತ್ತದೆ. ಕಿಣ್ವ ಇಲ್ಲದಿದ್ದರೆ? ಅಮೆರಿಕದ ರಿಚರ್ಡ್ ವುಲ್ಫೆಂಡನ್ ತಂಡ 2003ರಲ್ಲಿ ಹಾಕಿದ ಲೆಕ್ಕದಂತೆ, ಇಂಥ ಕೆಲವು ಎಸ್ಟರುಗಳು ನೀರಿನಲ್ಲಿ ಅರ್ಧದಷ್ಟು ಒಡೆಯಲು ಸುಮಾರು 1 ಲಕ್ಷ ಕೋಟಿ ವರ್ಷ ಬೇಕು. ಕಿಣ್ವಕ್ಕೆ ಸೆಕೆಂಡಿನ ಸಣ್ಣ ಪಾಲು ಸಾಕು. ತನ್ನೊಳಗಿನ ಸತುವಿನ ಅಯಾನುಗಳಿಂದ ಫಾಸ್ಫೇಟನ್ನು ಹಿಡಿದು, ಬಂಧ ಮುರಿಯುವುದನ್ನು ಅದು ಸುಲಭವಾಗಿಸುತ್ತದೆ.

ಹಸಿ ಹಾಲಿನ ಮೂಲಕ ಕ್ಷಯ ಹರಡುತ್ತಿದ್ದ ಇಂಗ್ಲೆಂಡಿನಲ್ಲಿ ಕೇ ಮತ್ತು ಗ್ರಹಾಂ 1935ರಲ್ಲಿ ಈ ಕಿಣ್ವವನ್ನೇ ಸಾಕ್ಷಿಯಾಗಿಸಿದರು. ಕ್ಷಯದ ರೋಗಾಣುವಿಗಿಂತ ಕಿಣ್ವ ತುಸು ಹೆಚ್ಚು ಶಾಖ ತಾಳುತ್ತದೆ. ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯಿಸಿದರೆ ಎರಡೂ ನಾಶವಾಗುತ್ತವೆ. ಆದ್ದರಿಂದ ಕಿಣ್ವ ಹೋಗಿದ್ದರೆ ರೋಗಾಣುವೂ ಹೋಗಿದೆ ಎಂದೇ ತಿಳಿಯಬಹುದು.

ಪರೀಕ್ಷೆಗೆ ಹಾಲಿನೊಂದಿಗೆ ನೈಟ್ರೋಫಿನೈಲ್ ಫಾಸ್ಫೇಟ್ ಬೆರೆಸಿ, 37 ಡಿಗ್ರಿಯಲ್ಲಿ 2 ಗಂಟೆ ಇಡುತ್ತಾರೆ. ಹಳದಿ ಮೂಡಿದರೆ ಕಿಣ್ವ ಉಳಿದಿದೆ ಎಂದರ್ಥ. ಅಷ್ಟು ಹೊತ್ತಿನಲ್ಲಿ ಆ ಸಂಯುಕ್ತ ಬಣ್ಣ ಕಾಣುವಷ್ಟು ತಾನಾಗಿ ಒಡೆಯದು. ಪ್ರಕೃತಿಯ ಆ ನಿಧಾನವೇ ಹಾಲು ಕುಡಿಯುವವರಿಗೆ ಕಾವಲು.